ಕ್ಷಯದ ಮಾತ್ರೆ ನಡುವೆ ಬಿಡಬೇಡಿ

ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಆದರೂ ಕೂಲಿಕಾರರ, ಸಣ್ಣ ರೈತರ ಮನೆಗೆ ಕ್ಷಯ ಸಾಲವನ್ನೂ ತರುತ್ತದೆ. ದುಡಿಯುವವರೇ ಮಲಗಿದರೆ ಕೂಲಿ ನಿಂತಿತು, ಬಸ್ ಚಾರ್ಜು ಬೇರೆ. ಹೀಗಾಗಿ ಎರಡು ತಿಂಗಳಲ್ಲಿ ಕೆಮ್ಮು ತಗ್ಗಿದೊಡನೆ, ಬಿತ್ತನೆ ಬಂತೆಂದು ಮಾತ್ರೆ ಬಿಟ್ಟು ಹೊಲಕ್ಕಿಳಿಯುವವರು ಬಹಳ. ಉಳಿದ ರೋಗಾಣುಗಳು ಮತ್ತೆ ಹೆಚ್ಚುತ್ತವೆ; ಕೆಲವೊಮ್ಮೆ ಅದೇ ಔಷಧಕ್ಕೆ ಬಗ್ಗುವುದೂ ಇಲ್ಲ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಪೂರ್ತಿ ಮಾತ್ರೆ ಬೇಕು.

ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ತಿಂಗಳಿಗೆ 1,000 ರೂಪಾಯಿಯಂತೆ ಬ್ಯಾಂಕ್ ಖಾತೆಗೆ ಕೊಡುತ್ತಾರೆ. 2024ರ ನವೆಂಬರಿಗೆ ಮೊದಲು 500 ಇತ್ತು. ಕೇಳಿ ಪಡೆಯಿರಿ. ಅದನ್ನು ಟಾನಿಕ್ಕಿಗೆ ಸುರಿಯಬೇಡಿ, ಮೊಟ್ಟೆ, ಕಡಲೆಕಾಯಿ, ಹುರುಳಿ ಕೊಳ್ಳಿ. ನಿಮ್ಮ ತೋಟಕ್ಕೆ ಬರುವ ಆಳು ಕೆಮ್ಮುತ್ತಿದ್ದರೆ ಕೂಲಿ ಹಿಡಿಯದೆ ಪರೀಕ್ಷೆಗೆ ಕಳಿಸಿ.