ಮೋಡೆಮ್‌ನಲ್ಲಿ ಪರದೆ ತಡೆದು ತಡೆದು ಬಂದರೆ ಏನು ಮಾಡಬೇಕು?

ಒಂದು ಕಡೆ ಇರುವ ಕಂಪ್ಯೂಟರನ್ನು ಇನ್ನೊಂದು ಕಡೆ ಕುಳಿತು ನಡೆಸುವ ಸೌಲಭ್ಯಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಇದು ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್‌ನಲ್ಲೇ ಇದೆ. ನಮ್ಮ ಅಂಗಡಿಯ ಟ್ಯಾಲಿ ಲೆಕ್ಕವನ್ನು ನಾನು ಸಂಜೆ ಮನೆಯಿಂದ ನೋಡುವುದು ಹೀಗೆಯೇ. ಆದರೆ ಟೆಲಿಫೋನ್ ಲೈನಿನಲ್ಲಿ ಪರದೆ ಒಮ್ಮೆಲೇ ಬರುವುದಿಲ್ಲ. ಚೌಕ ಚೌಕವಾಗಿ, ತಡೆದು ತಡೆದು ಬರುತ್ತದೆ.

ಕಾರಣ

ಮೋಡೆಮ್ ಮೇಲೆ 56ಕೆ ಎಂದು ಬರೆದಿದ್ದರೂ ಅದು ಮಾಹಿತಿ ಪಡೆಯುವ ಗರಿಷ್ಠ ವೇಗ ಮಾತ್ರ. ವಿ.90 ಮೋಡೆಮ್ ಕಳುಹಿಸುವ ವೇಗ ಸೆಕೆಂಡಿಗೆ ಹೆಚ್ಚೆಂದರೆ 33.6 ಕಿಲೋಬಿಟ್. ಅಂಗಡಿಯ ಕಂಪ್ಯೂಟರ್ ತನ್ನ ಪರದೆಯನ್ನು ನಮಗೆ ಕಳುಹಿಸಬೇಕಾಗಿರುವುದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಈ ಎರಡನೆಯ ವೇಗ.

800×600 ಪರದೆಯಲ್ಲಿ 4,80,000 ಚುಕ್ಕೆಗಳಿವೆ. ಒಂದು ಚುಕ್ಕೆಗೆ 16 ಬಿಟ್ ಎಂದರೆ ಒಟ್ಟು 76,80,000 ಬಿಟ್. ಇದನ್ನು 33,600ರಿಂದ ಭಾಗಿಸಿದರೆ ಸುಮಾರು 229 ಸೆಕೆಂಡ್! 256 ಬಣ್ಣ ಸಾಕೆಂದರೆ ಚುಕ್ಕೆಗೆ 8 ಬಿಟ್, ಸಮಯವೂ ಅರ್ಧ. ನಿಜದಲ್ಲಿ ಮಾಹಿತಿಯನ್ನು ಕುಗ್ಗಿಸಿ, ಬದಲಾದ ಭಾಗವನ್ನಷ್ಟೇ ಕಳುಹಿಸುವುದರಿಂದ ಇಷ್ಟು ಹೊತ್ತು ಹಿಡಿಯುವುದಿಲ್ಲ. ಆದರೂ ಹೊರೆ ಇಳಿಸಿದಷ್ಟೂ ಪರದೆ ಬೇಗ ಬರುತ್ತದೆ.

ಪರಿಹಾರ

1. ಗಡಿಯಾರದ ಪಕ್ಕದ ಎರಡು ಪುಟ್ಟ ಕಂಪ್ಯೂಟರ್‌ಗಳ ಚಿತ್ರವನ್ನು ಕ್ಲಿಕ್ ಮಾಡಿ. ವೇಗವೂ ಎರರ್‌ಗಳ ಸಂಖ್ಯೆಯೂ ಕಾಣುತ್ತವೆ. ಎರರ್ ಏರುತ್ತಿದ್ದರೆ ತಪ್ಪು ಲೈನಿನದು. ಫೋನ್ ಎತ್ತಿ ಕೇಳಿ, ಗರಗರ ಸದ್ದಿದ್ದರೆ ವೈರಿನ ಜೋಡಣೆ ನೋಡಿ, ಎಕ್ಸ್‌ಟೆನ್ಷನ್ ಫೋನ್ ತೆಗೆಯಿರಿ.

2. ಸಂಪರ್ಕಿಸುವ ಮೊದಲು ಆಪ್ಷನ್ಸ್ ಒತ್ತಿ, ಡಿಸ್‌ಪ್ಲೇ ಪುಟದಲ್ಲಿ 256 ಬಣ್ಣ, 640×480 ಅಥವಾ 800×600 ಆರಿಸಿ.

3. ಎಕ್ಸ್‌ಪೀರಿಯೆನ್ಸ್ ಪುಟದಲ್ಲಿ ಮೋಡೆಮ್ 28.8 ಆರಿಸಿ. ವಾಲ್‌ಪೇಪರ್, ಥೀಮ್, ಅನಿಮೇಷನ್ ಯಾವುದಕ್ಕೂ ಟಿಕ್ ಬೇಡ. ಬಿಟ್‌ಮ್ಯಾಪ್ ಕ್ಯಾಶಿಂಗ್ ಮಾತ್ರ ಇರಲಿ. ಒಮ್ಮೆ ಬಂದ ಚಿತ್ರವನ್ನು ಅದು ಇಲ್ಲೇ ಉಳಿಸಿಕೊಳ್ಳುತ್ತದೆ.

4. ಲೋಕಲ್ ರಿಸೋರ್ಸಸ್‌ನಲ್ಲಿ ಧ್ವನಿ ನಿಲ್ಲಿಸಿ.

5. ಆ್ಯಂಟಿವೈರಸ್ ಅಥವಾ ವಿಂಡೋಸ್ ಅಪ್‌ಡೇಟ್ ಅದೇ ಹೊತ್ತಿಗೆ ಇಳಿಯುತ್ತಿದ್ದರೆ ಲೈನ್ ಪೂರ್ತಿ ಅದಕ್ಕೇ ಹೋಗುತ್ತದೆ. ಎರಡೂ ಕಡೆ ನೋಡಿ.

ವಾಣಿಜ್ಯ ವಿದ್ಯಾರ್ಥಿಗಳಿಗೆ ಎಚ್ಚರಿಕೆ

ಇಷ್ಟೆಲ್ಲ ಮಾಡಿದರೂ ಪರದೆ ಸ್ವಲ್ಪ ಹಿಂದೆಯೇ ಇರುತ್ತದೆ. ನಾವು ನೋಡುತ್ತಿರುವುದು ಕೆಲವು ಸೆಕೆಂಡ್ ಹಳೆಯದು. ಆದರೆ ಒತ್ತಿದ ಕೀಗಳು ಕಳೆದುಹೋಗುವುದಿಲ್ಲ. ಸಾಲಾಗಿ ಹೋಗಿ ಅಲ್ಲಿ ಕೆಲಸ ಮಾಡುತ್ತವೆ. ಏನೂ ಬದಲಾಗಲಿಲ್ಲವೆಂದು ಎಂಟರ್ ಮೇಲೆ ಎಂಟರ್ ಒತ್ತಿದರೆ, ನಾವು ನೋಡುವ ಮೊದಲೇ ವೋಚರ್ ಸೇವ್ ಆಗಿರಬಹುದು. ಆಗಿಲ್ಲವೆಂದು ಮತ್ತೆ ಬರೆದರೆ ಒಂದೇ ರಸೀದಿ ಎರಡು ಸಲ ದಾಖಲಾಗುತ್ತದೆ.

500 ರೂಪಾಯಿ ಕೊಟ್ಟ ಗ್ರಾಹಕನ ಖಾತೆಯಲ್ಲಿ 1,000 ಜಮೆಯಾಗುತ್ತದೆ, ನಗದು ಖಾತೆಯಲ್ಲೂ 500 ಹೆಚ್ಚಾಗುತ್ತದೆ. ಡೆಬಿಟ್ ಮತ್ತು ಕ್ರೆಡಿಟ್ ಎರಡೂ ಸಮವಾಗಿ ಏರುವುದರಿಂದ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ತಾಳೆಯಾಗುತ್ತದೆ. ತಪ್ಪು ಅಲ್ಲಿ ಸಿಗುವುದಿಲ್ಲ. ಗಲ್ಲಾ ಎಣಿಸುವಾಗ 500 ಕಡಿಮೆ ಬಂದು, ಕೌಂಟರ್‌ನಲ್ಲಿದ್ದ ಹುಡುಗನ ಮೇಲೆ ಅನುಮಾನ ಬರುತ್ತದೆ.

ಆದ್ದರಿಂದ ಒಂದು ಕೀ ಒತ್ತಿ, ಪರದೆ ಬರುವವರೆಗೆ ಕಾಯಿರಿ. ಲೈನ್ ಕಡಿದುಹೋದರೆ ಮತ್ತೆ ಸಂಪರ್ಕಿಸಿ, ಮೊದಲು ಡೇ ಬುಕ್ ತೆರೆದು ಕೊನೆಯ ವೋಚರ್ ನೋಡಿ. ಆಮೇಲಷ್ಟೇ ಹೊಸದನ್ನು ಬರೆಯಿರಿ.