ತೂಕಕ್ಕೆ ಹಾಕುವ ಮುಂಚೆ

ಗಬ್ಬೂರು



‘ಹಿತ್ತಾಳಿ ಸ್ಟೋ ಮೋಡಕಾಕ್ಕ ಹಾಕಬ್ಯಾಡ ಅಜ್ಜಿ, ಬೆಂಗಳೂರಿಗೆ ಒಯ್ತೀನಿ, ಬಲ್ಬ್ ಕೂಡ್ರಿಸಿ ದೀಪ ಮಾಡ್ತೀನಿ’ ಎಂದು ಹಟ ಹಿಡಿದಿದ್ದೀಯಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಕಾಗದ.

ಆ ಪಂಪ್ ಸ್ಟೋ ನಿನ್ನ ತಾತ ರಾಯಚೂರು ಬಜಾರದಿಂದ ತಂದದ್ದು, ತುರ್ತು ಪರಿಸ್ಥಿತಿ ಬಂದ 1975ರಲ್ಲಿ. ಅಲ್ಲಿಯವರೆಗೆ ನಮ್ಮ ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಹತ್ತಿಕಟ್ಟಿಗೆ ಭರ್ರನೆ ಉರಿದು ಸುಮ್ಮನಾಗುತ್ತದೆ, ಒಲೆ ಮುಂದಿನಿಂದ ಏಳುವ ಹಾಗಿಲ್ಲ. ಮಳೆಗಾಲದಲ್ಲಿ ಅದೂ ಒದ್ದೆ. ದೇವದುರ್ಗದ ಕಡೆಯ ಬೀಗರು ರಾತ್ರಿ ಬಸ್ಸಿಳಿದು ಬಂದರೆ ಛಾ ಕಾಸುವುದೇ ದೊಡ್ಡ ಕೆಲಸ. ಸ್ಟೋ ಬಂದಾಗ ಓಣಿಯ ಹೆಂಗಸರೆಲ್ಲ ನೋಡಲು ಬಂದಿದ್ದರು.

ಹೊತ್ತಿಸುವುದೂ ಒಂದು ವಿದ್ಯೆ. ಬರ್ನರಿನ ಕೆಳಗಿನ ಬಟ್ಟಲಿಗೆ ಚೂರು ಸ್ಪಿರಿಟ್ ಹಾಕಿ ಕಡ್ಡಿ ಕೊರೆಯಬೇಕು. ಬರ್ನರ್ ಕಾಯುವವರೆಗೆ ಪಂಪ್ ಮುಟ್ಟಬಾರದು. ಆಮೇಲೆ ಗಾಳಿ ಹೊಡೆದರೆ ಚಿಮಣಿ ಎಣ್ಣೆ ಮೇಲೇರಿ, ಬಿಸಿ ಕೊಳವೆಯಲ್ಲಿ ಆವಿಯಾಗಿ, ಸಣ್ಣ ತೂತಿನಿಂದ ನುಗ್ಗಿ ನೀಲಿಯಾಗಿ ಉರಿಯುತ್ತದೆ. ಅವಸರ ಮಾಡಿದರೆ ಆವಿಯ ಬದಲು ಎಣ್ಣೆಯೇ ಚಿಮ್ಮಿ ಹಳದಿ ಉರಿ ಎದೆಯೆತ್ತರ ಏಳುತ್ತದೆ. ತೂತು ಕಟ್ಟಿದರೆ ಪಿನ್ನು ಆಡಿಸಬೇಕು. ಪಂಪ್ ಸಡಿಲಾದರೆ ಚರ್ಮದ ವಾಷರಿಗೆ ಎರಡು ಹನಿ ಎಣ್ಣೆ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ 1892ರಲ್ಲಿ ಪ್ರೈಮಸ್ ಅಂತ ಮಾಡಿದ ಸ್ಟೋದ ವಂಶದ್ದು ಇದು. ತಾತ ಓದಿ ಹೇಳಿದ್ದರು. ಆ ಸ್ವೀಡನ್ನಿನವನಿಗೆ ಜೋಳದ ರೊಟ್ಟಿ ಗೊತ್ತಿರಲಿಲ್ಲ ಬಿಡು. ಹಂಚಿನ ನಡುವೆ ಸುಡುತ್ತಿತ್ತು, ಅಂಚು ಹಸಿ. ಹಾಗಾಗಿ ರೊಟ್ಟಿ ಒಲೆಯಲ್ಲೇ ಉಳಿಯಿತು.

ಇಷ್ಟೇ ಆಗಿದ್ದರೆ ನಿನಗೇ ಕೊಡುತ್ತಿದ್ದೆ.

ನಿನ್ನ ಅಮ್ಮನನ್ನು ಕೇಳಲು ನಾವು ಹೋಗಿ ಬಂದ ಮೇಲೆ, ಅವರಪ್ಪ ನಮ್ಮ ಮನೆ ನೋಡಲು ಬಂದರು. ಹೊಲ, ಎತ್ತು, ಬಾವಿ ಎಲ್ಲ ನೋಡಿ, ಅಡುಗೆಮನೆ ಬಾಗಿಲಲ್ಲಿ ನಿಂತು ಸ್ಟೋ ಕಡೆಗೇ ಬಹಳ ಹೊತ್ತು ನೋಡಿದರು. ಏನೂ ಕೇಳಲಿಲ್ಲ. ನನಗೆ ಅರ್ಥವಾಯಿತು. ಆಗ ಪೇಪರಿನಲ್ಲಿ ‘ಸ್ಟೋ ಸಿಡಿದು ಗೃಹಿಣಿ ಸಾವು’ ಎಂಬುದು ಮೂಲೆಯ ಸುದ್ದಿ. ಸಿಡಿಯುವ ಸ್ಟೋ ಸೊಸೆಯನ್ನಷ್ಟೇ ಹೇಗೆ ಹುಡುಕಿಕೊಂಡು ಹೋಗುತ್ತದೆ, ಅತ್ತೆಗೆ, ಗಂಡನಿಗೆ ಯಾಕೆ ಒಂದು ಬೊಬ್ಬೆಯೂ ಏಳುವುದಿಲ್ಲ ಎಂದು ಹೆಣ್ಣುಮಕ್ಕಳು ಕೇಳತೊಡಗಿದ್ದರು. ಬೆಂಗಳೂರಿನ ವಿಮೋಚನಾ ಎಂಬ ಮಹಿಳಾ ಸಂಘಟನೆಯವರು ಇಂಥ ಸಾವುಗಳ ಬೆನ್ನು ಹತ್ತಿದ್ದು ಆ ಕಾಲದಲ್ಲೇ. ಗಂಡನ ಮನೆಯವರ ಹಿಂಸೆಗೆ 1983ರಲ್ಲಿ, ವರದಕ್ಷಿಣೆ ಸಾವಿಗೆ 1986ರಲ್ಲಿ ದಂಡಸಂಹಿತೆಗೆ ಕಲಮು ಸೇರಿದ್ದವು ನಿಜ. ಹೆಣ್ಣು ಹೆತ್ತವನ ಕಣ್ಣಿಗೆ ಕಾಣುವುದು ಕಲಮಲ್ಲ, ಸ್ಟೋ.

ನಿನ್ನ ಅಮ್ಮ ಈ ಮನೆಗೆ ಬಂದ ದಿನವೇ ಹೇಳಿದೆ: ಇದನ್ನು ಹಚ್ಚುವವಳು ನಾನೇ, ನೀನು ಮುಟ್ಟಬೇಡ. ಗ್ಯಾಸ್ ಬಂದು ಅದು ಅಟ್ಟ ಸೇರುವವರೆಗೂ ಹಾಗೇ ನಡೆಯಿತು. ಅವಳು ಇಂದಿಗೂ ಅದನ್ನು ಮುಟ್ಟಿದವಳಲ್ಲ. ನಿನ್ನ ಮನೆಯಲ್ಲಿ ಅದರ ಬೆಳಕಲ್ಲಿ ಅವಳು ಕುಂತು ಉಣ್ಣಬೇಕೇ?

ನಮ್ಮೂರಲ್ಲಿ ಚಾಲುಕ್ಯರ ಕಾಲದ ಗುಡಿ, ಶಾಸನ ಇಟ್ಟುಕೊಂಡಿಲ್ಲವೇ ಎಂದೆ ನೀನು. ಶಾಸನದಲ್ಲಿ ಯಾರು ಯಾರಿಗೆ ಏನು ಕೊಟ್ಟರು ಎಂದು ಕೊರೆದಿದ್ದಾರೆ. ಸ್ಟೋ ಮೇಲೆ ಏನೂ ಕೊರೆದಿಲ್ಲ. ನಿನ್ನ ಗೆಳತಿಯರು ಚಂದ ಅಂದು ಫೋಟೋ ತೆಗೆಯುತ್ತಾರೆ.

ಪಕ್ಕದ ಮನೆಯವಳೂ ಸ್ಟೋ ಕೇಳಿದಳು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಅವಳಿಗೂ ಸಿಲಿಂಡರ್ ಇದೆ, ತುಂಬಿಸಲು ದುಡ್ಡಿಲ್ಲದ ದಿನ ಮತ್ತೆ ಹತ್ತಿಕಟ್ಟಿಗೆಯೇ. ಅವಳ ಕಷ್ಟ ಗೊತ್ತು. ಆದರೂ ಕೊಡಲಿಲ್ಲ. ಟಾಕಿಗೆ ಬೆಸುಗೆ ಹಾಕಿಸಿದ್ದಿದೆ, ವಾಷರ್ ಒಣಗಿ ಸೀಳಿದೆ. ಬದಲಿಗೆ ಈ ಸಲದ ಸಿಲಿಂಡರ್ ದುಡ್ಡು ಕೊಟ್ಟೆ, ನಿನ್ನ ಅಪ್ಪನಿಗೆ ಹೇಳಬೇಡ.

ಕಾರಹುಣ್ಣಿಮೆಗೆ ಬಾ, ರಾಯಚೂರಿನ ಗುಜರಿ ಅಂಗಡಿಗೆ ಇಬ್ಬರೂ ಹೋಗೋಣ. ಹಿತ್ತಾಳೆ ದರ ನೀನೇ ಮಾತಾಡು. ಕಾಲು, ಮೇಲಿನ ಬಳೆ ಕಬ್ಬಿಣದವು. ಅದರ ನೆಪದಲ್ಲಿ ಅಂಗಡಿಯವ ತೂಕ ಹೊಡೆಯುತ್ತಾನೆ. ಮನೆಯಲ್ಲೇ ಬಿಚ್ಚಿಟ್ಟಿರುತ್ತೇನೆ. ಬಂದ ದುಡ್ಡಿಗೆ ನಿನಗೊಂದು ತಂಬಿಗೆ.

ನಿನ್ನ ಅಜ್ಜಿ