ಬೆಂಗಳೂರಿಗೆ ಬರಬೇಕಿದ್ದ ಎಟಿಪಿ ಟೂರ್ನಿ ಏನಾಯಿತು?

ಪ್ರಶ್ನೆ: ಪುರುಷರ ದೊಡ್ಡ ಒಳಾಂಗಣ ಟೆನಿಸ್ ಟೂರ್ನಿ ನಮ್ಮ ರಾಜ್ಯದಲ್ಲಿ ಎಂದಾದರೂ ನಡೆದಿತ್ತೇ? ಬೆಂಗಳೂರಿನ ಎಟಿಪಿ ಟೂರ್ನಿ ನಿಂತದ್ದೇಕೆ?
– ಓದುಗರು, ನಾಲವಾರ, ಕಲಬುರಗಿ ಜಿಲ್ಲೆ

ಎಟಿಪಿ ಮಟ್ಟದ ಒಳಾಂಗಣ ಟೂರ್ನಿ ಕರ್ನಾಟಕದಲ್ಲಿ ನಡೆದಿಲ್ಲ. ದೆಹಲಿ, ಚೆನ್ನೈ, ಮುಂಬೈ, ಪುಣೆಗಳಲ್ಲಿ ನಡೆದವೆಲ್ಲ ಬಯಲಿನ ಆಟಗಳೇ. ಎಟಿಪಿ ಟೂರ್ ಶುರುವಾಗುವ ಮೊದಲು, 1976ರಲ್ಲಿ, ಗ್ರ್ಯಾನ್ ಪ್ರಿ ಸರಣಿಯ ಇಂಡಿಯನ್ ಓಪನ್ ಬೆಂಗಳೂರಿಗೆ ಬಂದಿತ್ತು. ಫೈನಲ್‌ನಲ್ಲಿ ಆಸ್ಟ್ರೇಲಿಯಾದ ಕಿಮ್ ವಾರ್ವಿಕ್ ನಮ್ಮ ಶಶಿ ಮೆನನ್ ಅವರನ್ನು ಸೋಲಿಸಿದರು.

ನೀವು ಕೇಳಿದ ಟೂರ್ನಿ ಕಿಂಗ್‌ಫಿಷರ್ ಏರ್‌ಲೈನ್ಸ್ ಓಪನ್. 2006 ಮತ್ತು 2007ರಲ್ಲಿ ಅದು ಮುಂಬೈಯಲ್ಲಿ ನಡೆಯಿತು. ತುರ್ಸುನೊವ್, ಗ್ಯಾಸ್ಕೆ ಗೆದ್ದರು. 2008ರ ಸೆಪ್ಟೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಆಡಿಸುವುದೆಂದು ಗೊತ್ತಾಗಿತ್ತು. ಜುಲೈ 25ರಂದು ನಗರದಲ್ಲಿ ಸರಣಿ ಸ್ಫೋಟವಾಯಿತು. ಭದ್ರತೆಯ ಆತಂಕದಿಂದ ಟೂರ್ನಿಯೇ ರದ್ದಾಯಿತು. ಅಂದರೆ ಅದು ನಡೆದು ನಿಂತದ್ದಲ್ಲ, ಬೆಂಗಳೂರಿನಲ್ಲಿ ನಡೆಯಲೇ ಇಲ್ಲ. ಮತ್ತೆ ಬರಲೂ ಇಲ್ಲ.

ಮರುವರ್ಷ ಅದೇ ಹೊತ್ತಿಗೆ ಏಷ್ಯಾದಲ್ಲಿ ಶುರುವಾದದ್ದು ಕ್ವಾಲಾಲಂಪುರದ ಮಲೇಷ್ಯನ್ ಓಪನ್. ನೀವು ಹುಡುಕುತ್ತಿರುವಂಥ ಒಳಾಂಗಣ ಟೂರ್ನಿ ಅದು. ಮಳೆ ಹೆಚ್ಚು ಸುರಿಯುವ ಆ ಊರಿನಲ್ಲಿ ಬುಕಿತ್ ಜಲೀಲ್‌ನ ಪುತ್ರ ಸ್ಟೇಡಿಯಂನ ಸೂರಿನಡಿ ಆಡಿಸಿದರು. ಸೂರಿನಡಿ ಆಟದ ಲೆಕ್ಕವೇ ಬೇರೆ. ಸರ್ವ್ ಮಾಡಲು ಚೆಂಡು ಮೇಲೆಸೆದಾಗ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ, ಗಾಳಿ ಚೆಂಡನ್ನು ಅತ್ತಿತ್ತ ಒಯ್ಯುವುದಿಲ್ಲ. ಹಾಗಾಗಿ ಬಲವಾದ ಸರ್ವ್ ಇದ್ದವರಿಗೆ ಅನುಕೂಲ ಹೆಚ್ಚು.

ಈ ಟೂರ್ನಿಯಲ್ಲಿ ನನ್ನ ಮನಸ್ಸು ಕಲಕುವುದು ಫ್ರಾನ್ಸಿನ ಜೂಲಿಯನ್ ಬೆನೆಟೊ ಅವರ ಕಥೆ. 2012, 2013, 2014, ಸತತ ಮೂರು ವರ್ಷ ಇಲ್ಲಿ ಫೈನಲ್‌ಗೆ ಬಂದು ಮೂರರಲ್ಲೂ ಸೋತರು. 2013ರಲ್ಲಂತೂ ಮೊದಲ ಸೆಟ್ 6-2ರಿಂದ ಗೆದ್ದು, ಪ್ರಶಸ್ತಿಗೆ ಒಂದೇ ಪಾಯಿಂಟ್ ಬೇಕಿದ್ದ ಹಂತದವರೆಗೂ ಬಂದಿದ್ದರು. ಜೊವಾವ್ ಸೌಸಾ ಆ ಪಾಯಿಂಟ್ ಉಳಿಸಿಕೊಂಡು 7-5, 6-4ರಿಂದ ಗೆದ್ದರು. ಪೋರ್ಚುಗಲ್ಲಿಗೆ ಅದು ಮೊದಲ ಎಟಿಪಿ ಸಿಂಗಲ್ಸ್ ಪ್ರಶಸ್ತಿ. ಬೆನೆಟೊ ವೃತ್ತಿಜೀವನದಲ್ಲಿ ಹತ್ತು ಸಿಂಗಲ್ಸ್ ಫೈನಲ್ ಆಡಿ ಒಂದನ್ನೂ ಗೆಲ್ಲಲಿಲ್ಲ. ಆದರೂ ಹತ್ತು ಸಲ ಅಲ್ಲಿಯವರೆಗೆ ಬಂದ ಆಟಗಾರ ಸಣ್ಣವನಲ್ಲ.

ಮಲೇಷ್ಯನ್ ಓಪನ್ ಕೂಡ ಬಾಳಲಿಲ್ಲ. 2015ರಲ್ಲಿ ಡೇವಿಡ್ ಫೆರರ್ ಗೆದ್ದದ್ದೇ ಕೊನೆ. ಮುಂದಿನ ವರ್ಷ ಆ ಜಾಗಕ್ಕೆ ಚೀನಾದ ಚೆಂಗ್ಡು ಬಂತು. ಟೂರ್ನಿಯ ಹಕ್ಕು ಒಂದು ಊರಿಗೆ ಅಂಟಿಕೊಂಡದ್ದಲ್ಲ. ದುಡ್ಡು ಹಾಕುವವರು ಸಿಕ್ಕಲ್ಲಿಗೆ ಹೋಗುತ್ತದೆ. 1996ರಲ್ಲಿ ದೆಹಲಿಯಲ್ಲಿ ಹುಟ್ಟಿದ ಟೂರ್ನಿ ಮರುವರ್ಷವೇ ಚೆನ್ನೈಗೆ, 2018ರಲ್ಲಿ ಪುಣೆಗೆ ಹೋಯಿತು. ಸೂರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹಾಗೆಂದು ನಿಮ್ಮ ಭಾಗ ಟೆನಿಸ್‌ಗೆ ದೂರವೇನಲ್ಲ. 2023ರ ಕೊನೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲೇ 25 ಸಾವಿರ ಡಾಲರ್ ಬಹುಮಾನದ ಐಟಿಎಫ್ ಪುರುಷರ ಟೂರ್ನಿ ನಡೆದು, ರಾಮ್‌ಕುಮಾರ್ ರಾಮನಾಥನ್ ಗೆದ್ದರು. ಮುಂದೆ ಅಂಥದ್ದು ನಡೆದಾಗ ನಾಲವಾರದಲ್ಲಿ ರೈಲು ಹತ್ತಿ ಹೋಗಿ ನೋಡಿ, ಶಾಲೆಗೆ ಹೋಗುವ ಮಕ್ಕಳನ್ನೂ ಕರೆದುಕೊಂಡು ಹೋಗಿ.